ಎವೆಯಿಕ್ಕುವಷ್ಟರಲ್ಲಿ ಮಾಯ: ಪುಟ್ಟ ಹಕ್ಕಿಗಳ ಛಾಯಾಗ್ರಹಣ

ಮುಂಬಯಿ ಮಹಾನಗರದಲ್ಲಿ ಪಕ್ಷಿ ಛಾಯಾಗ್ರಹಣವೆಂದರೆ ಬಹುಮಂದಿಗೆ ಮೊದಲು ನೆನಪಾಗುವುದು ಶಿವಡಿ ಮತ್ತು ಠಾಣೆ ಖಾರಿಯ ರಾಜಹಂಸಗಳು. ಸಾವಿರಗಟ್ಟಲೆ ಸಂಖ್ಯೆಯಲ್ಲಿ ಬಂದಿಳಿದು, ಕೆಸರಿನಲ್ಲಿ ಕತ್ತು ಬಾಗಿಸಿ ನಿಧಾನವಾಗಿ ಹೆಜ್ಜೆಯಿಡುವ ಆ ಎತ್ತರದ ಹಕ್ಕಿಗಳ ಚಿತ್ರ ತೆಗೆಯಲು ಮುಖ್ಯವಾಗಿ ಬೇಕಾದುದು ಎರಡು: ಕಡಲಿನ ಉಬ್ಬರ-ಇಳಿತದ ವೇಳೆಯ ಅರಿವು ಮತ್ತು ಮುಂಜಾನೆಯ ನಿದ್ರೆಯನ್ನು ಬಿಡುವ ಮನಸ್ಸು. ಹಾಗೆ ಚೆಂದದ ಚಿತ್ರಗಳೊಡನೆ ಮನೆಗೆ ಮರಳಿದ ಅದೇ ಹವ್ಯಾಸಿ, ತನ್ನದೇ ಬಾಲ್ಕನಿಯ ದಾಸವಾಳದ ಕುಂಡಕ್ಕೆ ಬರುವ ಸೂರಕ್ಕಿಯನ್ನು ಸೆರೆಹಿಡಿಯಲು ಹೊರಟರೆ ಕತೆ ಬೇರೆಯಾಗುತ್ತದೆ. ಕ್ಯಾಮೆರಾ ಕಣ್ಣಿಗೆ ಏರುವಷ್ಟರಲ್ಲಿ ಹಕ್ಕಿ ಇಲ್ಲ. ಉಳಿಯುವುದು ಅಲುಗಾಡುವ ಎಲೆಯ ಚಿತ್ರ, ಇಲ್ಲವೇ ಚೌಕಟ್ಟಿನ ಅಂಚಿನಲ್ಲಿ ಮಸುಕಾದ ಒಂದು ಬಾಲ.

ಹತ್ತು ಸೆಂಟಿಮೀಟರಿನ ಹಕ್ಕಿಯ ಚಿತ್ರ ತೆಗೆಯುವುದು ನಾಲ್ಕಡಿಯ ಹಕ್ಕಿಯ ಚಿತ್ರ ತೆಗೆಯುವುದಕ್ಕಿಂತ ಏಕೆ ಇಷ್ಟು ಕಷ್ಟ, ಆ ಕಷ್ಟವನ್ನು ಹಿಂದಿನವರು ಹೇಗೆ ಎದುರಿಸಿದರು, ಇಂದು ಯಂತ್ರಗಳು ಅದರಲ್ಲಿ ಎಷ್ಟನ್ನು ನೀಗಿಸಿವೆ, ಎಷ್ಟನ್ನು ನೀಗಿಸಲಾರವು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಅವಸರದ ಹಿಂದಿನ ಕಾರಣ

ನಮ್ಮ ಸುತ್ತಲಿನ ಅತಿ ಚಿಕ್ಕ ಹಕ್ಕಿಗಳಲ್ಲಿ ಒಂದಾದ ಬದನಿಕೆ ಹಕ್ಕಿ ಕೊಕ್ಕಿನ ತುದಿಯಿಂದ ಬಾಲದ ತುದಿಯವರೆಗೆ ಸುಮಾರು 8 ಸೆಂಟಿಮೀಟರ್ ಉದ್ದವಿದೆ. ತೂಕ ಐದಾರು ಗ್ರಾಂ ಮಾತ್ರ. ಸೂರಕ್ಕಿಯ ತೂಕ ಏಳೆಂಟು ಗ್ರಾಂ. ಎಲೆ ಹೊಲಿದು ಗೂಡು ಕಟ್ಟುವ ಸಿಂಪಿಗ ಹಕ್ಕಿಯದೂ ಹೆಚ್ಚುಕಡಿಮೆ ಅಷ್ಟೇ. ಇವುಗಳ ಜತೆ ಹೋಲಿಸಿದರೆ ಗುಬ್ಬಚ್ಚಿ ಭಾರಿ ಹಕ್ಕಿಯೇ ಸರಿ. ದೇಹ ಚಿಕ್ಕದಾದಷ್ಟೂ ಅದು ಕಳೆದುಕೊಳ್ಳುವ ಶಾಖ ಹೆಚ್ಚು. ಆ ನಷ್ಟವನ್ನು ತುಂಬಿಕೊಳ್ಳಲು ಹಗಲೆಲ್ಲ ತಿನ್ನುತ್ತಲೇ ಇರಬೇಕು. ಆದುದರಿಂದ ಹೂವಿನಿಂದ ಹೂವಿಗೆ, ಕೊಂಬೆಯಿಂದ ಕೊಂಬೆಗೆ ಹಾರುವ ಈ ಧಾವಂತ ಚೇಷ್ಟೆಯಲ್ಲ, ಅದು ಹೊಟ್ಟೆಪಾಡು. ಜತೆಗೆ ಬಿಜ್ಜು, ಕಾಗೆ, ಬೆಕ್ಕುಗಳ ಭಯ ಬೇರೆ. ಒಂದೇ ಕಡೆ ಹತ್ತು ಸೆಕೆಂಡು ಕುಳಿತ ಪುಟ್ಟ ಹಕ್ಕಿ ತನ್ನ ಪಾಲಿನ ಅಪಾಯವನ್ನು ತಾನೇ ಕರೆದುಕೊಂಡಂತೆ.

ಅವುಗಳ ಕಣ್ಣೂ ನಮ್ಮ ಕಣ್ಣಿನಂತಲ್ಲ. ಮಿನುಗುವ ದೀಪವೊಂದರ ಮಿನುಗನ್ನು ಮನುಷ್ಯನ ಕಣ್ಣು ಸೆಕೆಂಡಿಗೆ ಸುಮಾರು 60 ಬಾರಿಯವರೆಗೆ ಗುರುತಿಸಬಲ್ಲದು. ಅದಕ್ಕಿಂತ ವೇಗವಾದರೆ ಎಡೆಬಿಡದ ಬೆಳಕಾಗಿ ಕಾಣುತ್ತದೆ. ಸ್ವೀಡನ್ನಿನ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ ನೊಣಹಿಡುಕದಂತಹ ಪುಟ್ಟ ಹಕ್ಕಿಗಳು ಸೆಕೆಂಡಿಗೆ 130ರಿಂದ 145ರಷ್ಟು ಮಿನುಗುಗಳನ್ನೂ ಬೇರೆಬೇರೆಯಾಗಿ ಕಾಣಬಲ್ಲವು. ನಾವು ಥಟ್ಟನೆ ಎಂದುಕೊಂಡು ಎತ್ತುವ ಕೈ ಅವುಗಳ ಕಣ್ಣಿಗೆ ಸಾವಕಾಶವಾಗಿ ಏಳುತ್ತಿರುತ್ತದೆ. ನಮ್ಮ ಚಲನೆ ಅವುಗಳಿಗೆ ಮೊದಲೇ ಕಾಣುತ್ತದೆ, ಅವುಗಳ ಚಲನೆ ನಮಗೆ ತಡವಾಗಿ ಕಾಣುತ್ತದೆ. ಈ ಆಟದಲ್ಲಿ ಮೊದಲಿನಿಂದಲೂ ನಾವು ಹಿಂದುಳಿದವರೇ.

ಲೆಕ್ಕ ಹೇಳುವ ಸತ್ಯ

ಸ್ವಲ್ಪ ಗಣಿತವಿಲ್ಲದೆ ಈ ವಿಷಯ ಅರ್ಥವಾಗುವಂತಿಲ್ಲ. 500 ಮಿಲಿಮೀಟರಿನ ಮಸೂರವನ್ನು ಹಿಡಿದು 5 ಮೀಟರ್ ದೂರದಲ್ಲಿ ಕುಳಿತ ಹತ್ತು ಸೆಂಟಿಮೀಟರಿನ ಸೂರಕ್ಕಿಯನ್ನು ನೋಡುತ್ತಿದ್ದೇವೆ ಎಂದುಕೊಳ್ಳೋಣ. ಹಳೆಯ ಫಿಲ್ಮಿನಷ್ಟೇ ಅಗಲದ, ಅಂದರೆ 36 ಮಿಲಿಮೀಟರಿನ ಸಂವೇದಕದ ಮೇಲೆ ಹಕ್ಕಿಯ ಬಿಂಬ ಸುಮಾರು 11 ಮಿಲಿಮೀಟರ್. ಚಿತ್ರದ ಅಗಲದಲ್ಲಿ ಮೂರನೆಯ ಒಂದು ಭಾಗವಾಯಿತು, ತೃಪ್ತಿಕರವೇ. ಆದರೆ ಹಕ್ಕಿ 10 ಮೀಟರಿಗೆ ಸರಿದರೆ ಬಿಂಬ 5 ಮಿಲಿಮೀಟರಿಗೆ ಇಳಿಯಿತು, ಅಗಲದ ಏಳನೆಯ ಒಂದು ಭಾಗ. ಮರದ ತುದಿಗೆ ಹೋಯಿತೆಂದರೆ ಮುಗಿಯಿತು, ಚುಕ್ಕಿಯನ್ನು ಹಿಗ್ಗಿಸಿ ಹಕ್ಕಿಯೆಂದು ಮನೆಯವರಿಗೆ ತೋರಿಸಬೇಕು. ರಾಜಹಂಸವಾದರೆ ನೂರು ಮೀಟರ್ ದೂರದಲ್ಲಿದ್ದರೂ ರಾಜಹಂಸವೇ. ಪುಟ್ಟ ಹಕ್ಕಿಯ ಮಟ್ಟಿಗೆ ಮಾತ್ರ ಐದು ಮೀಟರಿಗೂ ಹತ್ತು ಮೀಟರಿಗೂ ಇರುವ ಅಂತರವೇ ಚಿತ್ರಕ್ಕೂ ನಿರಾಶೆಗೂ ಇರುವ ಅಂತರ.

ಹತ್ತಿರ ಹೋದರೆ ಮತ್ತೊಂದು ತೊಡಕು. ಅದೇ ಮಸೂರದಲ್ಲಿ, ಅದೇ 5 ಮೀಟರ್ ದೂರದಲ್ಲಿ, ಎಫ್ 5.6 ದ್ವಾರದಲ್ಲಿ ಸ್ಪಷ್ಟವಾಗಿ ಮೂಡುವ ಆಳ ಬರಿಯ 3 ಸೆಂಟಿಮೀಟರ್. ಕಣ್ಣಿಗೆ ಫೋಕಸ್ ಸರಿಯಾದರೆ ಬಾಲ ಮಸುಕು, ರೆಕ್ಕೆಗೆ ಸರಿಯಾದರೆ ಕಣ್ಣು ಮಸುಕು. ಕಣ್ಣು ಮಸುಕಾದ ಹಕ್ಕಿಯ ಚಿತ್ರವನ್ನು ಯಾರೂ ಎರಡನೆಯ ಬಾರಿ ನೋಡುವುದಿಲ್ಲ.

ಮೂರನೆಯದು ವೇಗ. ಹಕ್ಕಿ ಸೆಕೆಂಡಿಗೆ 5 ಮೀಟರಿನಂತೆ ಅಡ್ಡ ಹಾರಿತು ಎಂದಿಟ್ಟುಕೊಳ್ಳಿ. ಪುಟ್ಟ ಹಕ್ಕಿಗೆ ಇದೇನೂ ಹೆಚ್ಚಿನ ವೇಗವಲ್ಲ. ಸಂವೇದಕದ ಮೇಲೆ ಅದರ ಬಿಂಬ ಸೆಕೆಂಡಿಗೆ ಅರ್ಧ ಮೀಟರಿಗಿಂತ ಹೆಚ್ಚು ವೇಗದಲ್ಲಿ ಓಡುತ್ತದೆ. ಕ್ಯಾಮೆರಾ ಅಲುಗಾಡದೆ ನಿಂತಿದ್ದರೆ, ಸೆಕೆಂಡಿನ 1/1000 ಭಾಗದಲ್ಲಿ ಶಟರ್ ತೆರೆದು ಮುಚ್ಚಿದರೂ ಅಷ್ಟರೊಳಗೆ ಬಿಂಬ ಅರ್ಧ ಮಿಲಿಮೀಟರ್ ಸರಿದಿರುತ್ತದೆ. ಅಗಲದಲ್ಲಿ 6000 ಪಿಕ್ಸೆಲ್ ಇರುವ ಚಿತ್ರದಲ್ಲಿ ಇದು ಸುಮಾರು 90 ಪಿಕ್ಸೆಲ್‌ಗಳ ಗೀರು. 1/4000ಕ್ಕೆ ಏರಿಸಿದರೂ ಇಪ್ಪತ್ತಕ್ಕಿಂತ ಹೆಚ್ಚು ಪಿಕ್ಸೆಲ್ ಉಳಿಯುತ್ತದೆ. ಆದುದರಿಂದ ವೇಗದ ಶಟರ್ ಒಂದೇ ಸಾಲದು. ಹಕ್ಕಿಯ ಜತೆಜತೆಗೆ ಕ್ಯಾಮೆರಾವೂ ಹರಿಯುವಂತೆ ಸೊಂಟವನ್ನು ತಿರುಗಿಸುವ ಅಭ್ಯಾಸ ಬೇಕು. ಚಳಿಗಾಲದಲ್ಲಿ ಮುಂಬಯಿಯ ಕಡಲತೀರಕ್ಕೆ ಬರುವ ಕಡಲಕ್ಕಿಗಳು ಈ ಅಭ್ಯಾಸಕ್ಕೆ ಹೇಳಿ ಮಾಡಿಸಿದಂತಿವೆ. ಅವುಗಳ ಹಾರಾಟದಲ್ಲಿ ಒಂದು ಲಯವಿದೆ, ದೇಹವೂ ದೊಡ್ಡದು. ಅವುಗಳಲ್ಲಿ ಕೈ ಪಳಗಿದ ಮೇಲೆ ಕವಲುತೋಕೆಗಳನ್ನು ಪ್ರಯತ್ನಿಸುವುದು ಲೇಸು.

ಇವೆಲ್ಲಕ್ಕಿಂತ ದೊಡ್ಡ ತೊಡಕು ಛಾಯಾಗ್ರಾಹಕನ ಬೆರಳಿನಲ್ಲಿದೆ. ಕಣ್ಣು ಕಂಡುದನ್ನು ಮಿದುಳು ಗ್ರಹಿಸಿ ಬೆರಳಿಗೆ ಆಜ್ಞೆ ಕೊಡಲು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಸಮಯ ಹಿಡಿಯುತ್ತದೆ. ಅಷ್ಟರಲ್ಲಿ ನಮ್ಮ ಸೂರಕ್ಕಿ ಒಂದು ಮೀಟರ್ ಹಾರಿ ಹೋಗಿದೆ. ಚೌಕಟ್ಟಿನಲ್ಲಿ ಕಾಣುವ ಜಾಗದ ಅಗಲವಾದರೋ 33 ಸೆಂಟಿಮೀಟರ್. ಹಾರುವುದನ್ನು ನೋಡಿ ಗುಂಡಿ ಒತ್ತಿದವನಿಗೆ ಹಕ್ಕಿ ಸಿಗುವುದಿಲ್ಲ. ಹಾರುವ ಮುನ್ನವೇ ಒತ್ತಬೇಕು, ಅದು ಹಾರಲಿದೆ ಎಂದು ಊಹಿಸಬೇಕು. ಊಹೆಗೆ ಆಧಾರ ಹಕ್ಕಿಯ ನಡವಳಿಕೆಯ ಅರಿವು. ಈ ಮಾತಿಗೆ ಮುಂದೆ ಬರೋಣ.

ಬಂದೂಕಿನಿಂದ ಕ್ಯಾಮೆರಾದವರೆಗೆ

ಹಾರುವ ಹಕ್ಕಿಯನ್ನು ನಿಲ್ಲಿಸಿ ನೋಡುವ ಹಂಬಲ ಹಳೆಯದು. ಫ್ರಾನ್ಸಿನ ಶರೀರವಿಜ್ಞಾನಿ ಎತಿಯೆನ್ ಜೂಲ್ ಮಾರೆ 1882ರಲ್ಲಿ ಬಂದೂಕಿನ ಆಕಾರದ ಕ್ಯಾಮೆರಾ ಒಂದನ್ನು ರೂಪಿಸಿದ. ಗುಂಡು ಹಾರಿಸುವಂತೆ ಹಕ್ಕಿಯತ್ತ ಗುರಿಯಿಟ್ಟು ಕುದುರೆ ಎಳೆದರೆ ಸೆಕೆಂಡಿಗೆ ಹನ್ನೆರಡು ಚಿತ್ರಗಳು ಮೂಡುತ್ತಿದ್ದವು. ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರಿ ಕಿಯರ್ಟನ್ ಸೋದರರು 1892ರಲ್ಲಿ ಮೊಟ್ಟೆಗಳಿರುವ ಹಕ್ಕಿಗೂಡಿನ ಚಿತ್ರ ತೆಗೆದು ಈ ಕಲೆಗೆ ತಳಹದಿ ಹಾಕಿದರು. ಹಕ್ಕಿಗಳು ಬೆದರಬಾರದೆಂದು ಎತ್ತಿನ ಚರ್ಮದಿಂದ ಪೊಳ್ಳು ಎತ್ತೊಂದನ್ನು ಮಾಡಿಸಿ, ಅದರ ಹೊಟ್ಟೆಯೊಳಗೆ ಕ್ಯಾಮೆರಾ ಹಿಡಿದು ಅವಿತುಕೊಳ್ಳುತ್ತಿದ್ದ ಸಾಹಸಿಗಳು ಅವರು. ಅದೇ ದೇಶದ ಎರಿಕ್ ಹಾಸ್ಕಿಂಗ್ 1937ರಲ್ಲಿ ವೇಲ್ಸ್‌ನಲ್ಲಿ ಗೂಬೆಯೊಂದರ ಗೂಡಿನ ಬಳಿ ರಾತ್ರಿ ಕೆಲಸ ಮಾಡುತ್ತಿದ್ದಾಗ ಆ ಗೂಬೆಯ ಪಂಜಕ್ಕೆ ತಮ್ಮ ಒಂದು ಕಣ್ಣನ್ನೇ ಕಳೆದುಕೊಂಡರು, ಆದರೂ ಜೀವಮಾನವಿಡೀ ಹಕ್ಕಿಗಳ ಚಿತ್ರ ತೆಗೆದರು. ಅಮೆರಿಕದಲ್ಲಿ ಹೆರಾಲ್ಡ್ ಎಡ್ಜರ್ಟನ್ ಮಿಂಚುದೀಪದ ತಂತ್ರವನ್ನು ಬೆಳೆಸಿದ ಬಳಿಕ, ಉದ್ಯಮಿ ಕ್ರಾಫರ್ಡ್ ಗ್ರೀನ್‌ವಾಲ್ಟ್ ಅಂತಹುದೇ ದೀಪಗಳಿಂದ ಝೇಂಕಾರದ ಹಕ್ಕಿಗಳ ರೆಕ್ಕೆಯನ್ನು ಗಾಳಿಯಲ್ಲೇ ತಡೆದು ನಿಲ್ಲಿಸಿದರು. 1960ರಲ್ಲಿ ಬಂದ ಅವರ ಪುಸ್ತಕ ಇಂದಿಗೂ ಬೆರಗು ಹುಟ್ಟಿಸುತ್ತದೆ. ಪ್ರಸಂಗವಶಾತ್ ಒಂದು ಮಾತು: ನಮ್ಮ ಸೂರಕ್ಕಿಯನ್ನು ಅನೇಕರು ಹಮ್ಮಿಂಗ್‌ಬರ್ಡ್ ಎಂದು ಮಕ್ಕಳಿಗೆ ಪರಿಚಯಿಸುತ್ತಾರೆ. ಅದು ತಪ್ಪು. ಹಮ್ಮಿಂಗ್‌ಬರ್ಡ್‌ಗಳು ಅಮೆರಿಕ ಖಂಡಗಳಲ್ಲಿ ಮಾತ್ರ ಇವೆ. ಸೂರಕ್ಕಿ ಒಮ್ಮೊಮ್ಮೆ ಗಾಳಿಯಲ್ಲಿ ನಿಂತಂತೆ ಕಂಡರೂ ಬಹುತೇಕ ಕುಳಿತೇ ಮಕರಂದ ಹೀರುತ್ತದೆ. ಛಾಯಾಗ್ರಾಹಕನಿಗೆ ಅದೇ ದೊಡ್ಡ ಉಪಕಾರ.

ಭಾರತದಲ್ಲಿ ಪಕ್ಷಿ ಅಧ್ಯಯನ ಬಂದೂಕಿನ ನೆರವಿನಿಂದಲೇ ಬೆಳೆದುದು. ಹಕ್ಕಿಯನ್ನು ಹೊಡೆದು, ಚರ್ಮ ಸುಲಿದು, ಕಪಾಟಿನಲ್ಲಿಟ್ಟು ಗುರುತಿಸುವುದು ಆಗಿನ ಪದ್ಧತಿ. 1896ರಲ್ಲಿ ಮುಂಬಯಿಯಲ್ಲಿ ಜನಿಸಿದ ಸಲೀಂ ಅಲಿಯವರು ಕೂಡ ಬಾಲ್ಯದಲ್ಲಿ ಏರ್‌ಗನ್ನಿನಿಂದ ಹೊಡೆದ ಹಳದಿ ಕತ್ತಿನ ಗುಬ್ಬಿಯೊಂದರ ಗುರುತು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮೆಟ್ಟಿಲು ಹತ್ತಿದ್ದರಿಂದಲೇ ಈ ಶಾಸ್ತ್ರಕ್ಕೆ ಬಂದರು. 1883ರಲ್ಲಿ ಸ್ಥಾಪನೆಯಾದ ಆ ಸಂಸ್ಥೆ ಇಂದಿಗೂ ನಮ್ಮ ನಗರದಲ್ಲಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತಕ್ಕೆ ಬಂದು ಸಲೀಂ ಅಲಿಯವರ ಸ್ನೇಹಿತರಾದ ಸಿಂಗಾಪುರದ ಚಲನಚಿತ್ರೋದ್ಯಮಿ ಲೋಕ್ ವಾನ್ ಥೋ ಈ ಉಪಖಂಡದ ಹಕ್ಕಿಗಳ ಅಪೂರ್ವ ಕಪ್ಪುಬಿಳುಪು ಚಿತ್ರಗಳನ್ನು ತೆಗೆದರು. ಕನ್ನಡನಾಡಿನ ಮಟ್ಟಿಗೆ ಬೆಂಗಳೂರಿನ ಇ. ಹನುಮಂತರಾವ್ ಮತ್ತು ಟಿ.ಎನ್.ಎ. ಪೆರುಮಾಳ್ ವನ್ಯಜೀವಿ ಛಾಯಾಗ್ರಹಣಕ್ಕೆ ದೇಶದಾಚೆಗೂ ಹೆಸರು ತಂದವರು. ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಹಕ್ಕಿಗಳನ್ನು ಬೆನ್ನಟ್ಟಿದ ಪೂರ್ಣಚಂದ್ರ ತೇಜಸ್ವಿಯವರನ್ನು (1938-2007) ಕನ್ನಡಿಗರಿಗೆ ಪರಿಚಯಿಸಬೇಕಾಗಿಲ್ಲ. ಹಕ್ಕಿಯ ಹೆಸರನ್ನು ಕನ್ನಡದಲ್ಲಿ ಹೇಳಲು ನಾವು ಇಂದು ನಾಚದಿದ್ದರೆ ಅದರಲ್ಲಿ ಅವರ ಪಾಲು ದೊಡ್ಡದು.

ಆ ಹಿರಿಯರು ಯಾವ ಸಾಧನಗಳಿಂದ ಕೆಲಸ ಮಾಡಿದರು ಎಂಬುದನ್ನು ನೆನೆದರೆ ಗೌರವ ಇಮ್ಮಡಿಸುತ್ತದೆ. ಬಣ್ಣಕ್ಕೆ ಹೆಸರಾಗಿದ್ದ ಕೊಡಾಕ್ರೋಮ್ ಫಿಲ್ಮಿನ ಸಂವೇದನೆ ಐಎಸ್‌ಒ 64. ಎಫ್ 5.6 ದ್ವಾರದಲ್ಲಿ, ಚುರುಕು ಬಿಸಿಲಿನಲ್ಲಿ ಅದು ಕೊಡುವ ಶಟರ್ ವೇಗ 1/500. ಮರದ ನೆರಳಿಗೆ ಬಂದರೆ 1/30ಕ್ಕೆ ಇಳಿಯುತ್ತದೆ. ಆ ವೇಗದಲ್ಲಿ ಸೂರಕ್ಕಿಯಿರಲಿ, ತೂಕಡಿಸುವ ಗೂಬೆಯೂ ಅಲುಗದೆ ಸಿಗುವುದು ಕಷ್ಟ. ಇಂದು ಐಎಸ್‌ಒ 3200ರಲ್ಲಿ ಯಾವ ಹಿಂಜರಿಕೆಯೂ ಇಲ್ಲದೆ ಚಿತ್ರ ತೆಗೆಯುತ್ತೇವೆ. ಅದು ಐವತ್ತು ಪಟ್ಟು ಹೆಚ್ಚು, ಅದೇ ನೆರಳಿನಲ್ಲಿ 1/1500. ಒಂದು ರೋಲಿನಲ್ಲಿ 36 ಚಿತ್ರಗಳು. ಸೆಕೆಂಡಿಗೆ 20 ಚಿತ್ರ ತೆಗೆಯುವ ಇಂದಿನ ಕ್ಯಾಮೆರಾ ಆ ರೋಲನ್ನು ಎರಡು ಸೆಕೆಂಡಿನೊಳಗೆ ಮುಗಿಸಿಬಿಡುತ್ತದೆ. ಕೊಡಾಕ್ರೋಮ್ ತಯಾರಿಕೆ 2009ರಲ್ಲಿ ನಿಂತಿತು.

ಯಂತ್ರ ಮಾಡುವುದು, ಮಾಡದಿರುವುದು

ಕಳೆದ ದಶಕದಲ್ಲಿ ಬಂದ ಕನ್ನಡಿಯಿಲ್ಲದ ಕ್ಯಾಮೆರಾಗಳು ಪುಟ್ಟ ಹಕ್ಕಿಗಳ ಛಾಯಾಗ್ರಹಣವನ್ನು ನಿಜಕ್ಕೂ ಬದಲಿಸಿವೆ. ಮೊದಲನೆಯದಾಗಿ ಅವು ನಿಶ್ಶಬ್ದ. ಹಳೆಯ ಡಿಎಸ್ಎಲ್ಆರ್‌ನ ಕನ್ನಡಿ ಮೇಲೇಳುವ 'ಟಕ್' ಸದ್ದಿಗೆ ಬೆದರಿ ಹಾರಿದ ಹಕ್ಕಿಗಳಿಗೆ ಲೆಕ್ಕವಿಲ್ಲ. ಎರಡನೆಯದಾಗಿ, ಕ್ಯಾನನ್ ಆರ್5 (2020), ಸೋನಿ ಆಲ್ಫಾ 1 (2021), ನಿಕಾನ್ ಝಡ್ 9 (2021) ಮುಂತಾದವು ಹಕ್ಕಿಯ ಕಣ್ಣನ್ನು ತಾವೇ ಗುರುತಿಸಿ ಫೋಕಸ್ ಹಿಡಿಯುತ್ತವೆ. ಮೂರನೆಯದು ಇನ್ನೂ ಸೋಜಿಗದ್ದು: ಗುಂಡಿಯನ್ನು ಅರ್ಧ ಒತ್ತಿ ಹಿಡಿದರೆ ಕ್ಯಾಮೆರಾ ಚಿತ್ರಗಳನ್ನು ತೆಗೆದು ತಾತ್ಕಾಲಿಕವಾಗಿ ನೆನಪಿನಲ್ಲಿಟ್ಟುಕೊಳ್ಳುತ್ತ ಹೋಗುತ್ತದೆ, ಪೂರ್ತಿ ಒತ್ತಿದಾಗ ಅದಕ್ಕಿಂತ ಸ್ವಲ್ಪ ಹಿಂದಿನ ಚಿತ್ರಗಳನ್ನೂ ಉಳಿಸಿಕೊಡುತ್ತದೆ. ಒಲಿಂಪಸ್ ಸಂಸ್ಥೆ 2016ರ ತನ್ನ ಕ್ಯಾಮೆರಾದಲ್ಲಿ ಇದನ್ನು ತಂದಿತು, ಈಗ ಹಲವರು ಕೊಡುತ್ತಿದ್ದಾರೆ. ಬೆರಳಿನ ವಿಳಂಬವೆಂಬ ಆ ಹಳೆಯ ತೊಡಕನ್ನು ಯಂತ್ರ ಹೀಗೆ ಹಿಂಬಾಗಿಲಿನಿಂದ ಪರಿಹರಿಸಿದೆ.

ಆದರೆ ಎಲೆಗಳ ನಡುವೆ ಅರ್ಧ ಮರೆಯಾದ ಹಕ್ಕಿಯನ್ನು ಬಿಟ್ಟು ಮುಂದಿನ ಕಡ್ಡಿಗೆ ಫೋಕಸ್ ಹಿಡಿಯುವ ಚಾಳಿ ಯಂತ್ರಕ್ಕೆ ಪೂರ್ತಿ ಹೋಗಿಲ್ಲ. ಕಪ್ಪು ತಲೆಯ ಮೇಲಿನ ಕಪ್ಪು ಕಣ್ಣನ್ನು ಹುಡುಕುವುದು ಅದಕ್ಕೂ ಕಷ್ಟ, ನಮಗೂ ಕಷ್ಟ. ಕೆಲವು ಕ್ಯಾಮೆರಾಗಳಲ್ಲಿ ಸದ್ದಿಲ್ಲದ ಶಟರನ್ನು ಬಳಸಿದರೆ, ಸಂವೇದಕವು ಸಾಲುಸಾಲಾಗಿ ಓದುವುದರಿಂದ ಬಡಿಯುವ ರೆಕ್ಕೆ ವಿಚಿತ್ರವಾಗಿ ಬಾಗಿದಂತೆ ಮೂಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಬೆಳಕು. ಸೂರಕ್ಕಿಯ ಮೈಮೇಲಿನ ನೇರಳೆ-ಹಸಿರು ಹೊಳಪು ಬಣ್ಣದಿಂದ ಬಂದುದಲ್ಲ, ಗರಿಗಳ ಸೂಕ್ಷ್ಮ ರಚನೆಯಿಂದ ಬಂದುದು. ಬೆಳಕು ಸರಿಯಾದ ಕೋನದಲ್ಲಿ ಬಿದ್ದರೆ ಮಾತ್ರ ಮಿನುಗುತ್ತದೆ, ಇಲ್ಲವಾದರೆ ಅದು ಬರಿಯ ಕಪ್ಪು ಹಕ್ಕಿ. ಬೆಳ್ಳನೆಯ ಆಕಾಶದೆದುರು ಕುಳಿತಾಗಲಂತೂ ಕ್ಯಾಮೆರಾದ ಲೆಕ್ಕಕ್ಕಿಂತ ಒಂದೆರಡು ಹಂತ ಹೆಚ್ಚು ಬೆಳಕು ಕೊಡದಿದ್ದರೆ ಮಸಿಯ ಬೊಟ್ಟು. ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು, ಬೆಳಗಿನ ಒಂಬತ್ತರೊಳಗೆ ಕೆಲಸ ಮುಗಿಸುವುದೇ ಉತ್ತಮ. ಅನಂತರ ಕಾದ ತಗಡು, ಕಾಂಕ್ರೀಟುಗಳ ಮೇಲಿನ ಗಾಳಿ ನಡುಗತೊಡಗಿ, ಎಷ್ಟು ಬೆಲೆಯ ಮಸೂರವಾದರೂ ಚಿತ್ರ ಕದಡಿಹೋಗುತ್ತದೆ.

ಮುಂಬಯಿ ಮಂಗಳೂರುಗಳಂತಹ ಕರಾವಳಿಯಲ್ಲಿರುವವರಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. ಮಳೆಗಾಲದ ತೇವದಲ್ಲಿ ಮಸೂರದೊಳಗೆ ಬೂಷ್ಟು ಹಿಡಿಯುತ್ತದೆ. ಒಮ್ಮೆ ಹಿಡಿದರೆ ಬಿಡಿಸುವ ವೆಚ್ಚ ಕೈಕಚ್ಚುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡುವುದು, ಸಾಧ್ಯವಿದ್ದವರು ತೇವಾಂಶವನ್ನು ಶೇ. 40ರಿಂದ 50ರಲ್ಲಿ ಇಡುವ ಪೆಟ್ಟಿಗೆ ಕೊಳ್ಳುವುದು ಒಳ್ಳೆಯದು. ಚರ್ಮದ ಚೀಲದಲ್ಲಿಟ್ಟು ಬೀರುವಿನಲ್ಲಿ ಮರೆತುಬಿಡುವುದಷ್ಟು ಕೆಟ್ಟದ್ದು ಬೇರೊಂದಿಲ್ಲ.

ಹಕ್ಕಿಯನ್ನಲ್ಲ, ಕೊಂಬೆಯನ್ನು ಹುಡುಕಿ

ಅನುಭವಿಗಳು ಹಕ್ಕಿಯ ಬೆನ್ನು ಹತ್ತುವುದಿಲ್ಲ. ಹಕ್ಕಿ ಬರುವ ಜಾಗದಲ್ಲಿ ಮೊದಲೇ ಹೋಗಿ ಕೂರುತ್ತಾರೆ. ಪುಟ್ಟ ಹಕ್ಕಿಗಳ ದಿನಚರಿಯಲ್ಲಿ ಆಶ್ಚರ್ಯಕರವಾದ ಕಟ್ಟುನಿಟ್ಟಿದೆ. ಒಂದೇ ಹೂಗೊಂಚಲಿಗೆ, ಒಂದೇ ಒಣಕೊಂಬೆಗೆ ಅವು ಮತ್ತೆ ಮತ್ತೆ ಮರಳುತ್ತವೆ. ಎರಡು ದಿನ ಕ್ಯಾಮೆರಾ ಇಲ್ಲದೆ ಬರಿಯ ಕಣ್ಣಿನಿಂದ ನೋಡಿದವರಿಗೆ ಮೂರನೆಯ ದಿನ ಚಿತ್ರ ಸಿಗುತ್ತದೆ. ಹೊಸ ಕ್ಯಾಮೆರಾ ಕೊಂಡವರಿಗೆ ಈ ಸಲಹೆ ರುಚಿಸುವುದಿಲ್ಲ ಎಂಬುದು ಬೇರೆ ಮಾತು.

ಸೂರಕ್ಕಿಯನ್ನೇ ತೆಗೆದುಕೊಳ್ಳಿ. ದಾಸವಾಳದ ಹೂವಿನ ಮುಂಭಾಗಕ್ಕೆ ಗುರಿಯಿಟ್ಟು ಕಾಯುವವರು ಹಕ್ಕಿಯ ಬೆನ್ನನ್ನಷ್ಟೇ ಕಾಣುತ್ತಾರೆ. ಏಕೆಂದರೆ ಆ ದೊಡ್ಡ ಹೂವಿನ ಬಾಯಿಯಿಂದ ಮಕರಂದ ನಿಲುಕದೆ, ಸೂರಕ್ಕಿ ಹಿಂದಿನಿಂದ ಬಂದು ತೊಟ್ಟಿನ ಬಳಿ ತೂತು ಕೊರೆದು ಹೀರುವುದೇ ಹೆಚ್ಚು. ಕ್ಯಾಮೆರಾವನ್ನು ಹೂವಿನ ಮಗ್ಗುಲಿಗಿಟ್ಟರೆ ಕೊಕ್ಕು, ಕಣ್ಣು, ಹೂವು ಮೂರೂ ಒಂದೇ ಸಮತಲದಲ್ಲಿ ಬರುತ್ತವೆ. ಆ ಮೂರು ಸೆಂಟಿಮೀಟರಿನ ಆಳದ ಸಮಸ್ಯೆಯೂ ಅರ್ಧ ನೀಗುತ್ತದೆ.

ಬದನಿಕೆ ಹಕ್ಕಿಯನ್ನು ಕಣ್ಣಿನಿಂದ ಹುಡುಕಬಾರದು, ಕಿವಿಯಿಂದ ಹುಡುಕಬೇಕು. 'ಚಿಕ್ ಚಿಕ್' ಎಂಬ ಚೂಪಾದ ದನಿ ಎಲ್ಲಿಂದ ಬರುತ್ತದೋ ಅಲ್ಲಿ ಮಾವಿನ ಮರಕ್ಕೆ ಅಂಟಿಕೊಂಡ ಬದನಿಕೆಯ ಗಿಡವೋ, ನಮ್ಮ ಕಡೆ ಗಸಗಸೆ ಹಣ್ಣಿನ ಮರ ಎನ್ನುವ ಸಿಂಗಾಪುರ ಚೆರ್ರಿಯೋ ಇರುತ್ತದೆ. ಬದನಿಕೆಯ ಬೀಜಕ್ಕೆ ಅಂಟು ಹೆಚ್ಚು. ಹಿಕ್ಕೆಯೊಡನೆ ಹೊರಬಂದ ಬೀಜ ಮೈಗೆ ಅಂಟಿಕೊಂಡಾಗ ಹಕ್ಕಿ ಕೊಂಬೆಗೆ ಉಜ್ಜಿಕೊಳ್ಳಲು ಒಂದೆರಡು ಕ್ಷಣ ನಿಲ್ಲುತ್ತದೆ. ಇಡೀ ದಿನದಲ್ಲಿ ಅದು ನಿಲ್ಲುವುದು ಅಷ್ಟೇ ಎನ್ನುವಂತೆ! ಹಾಗೆ ಉಜ್ಜಿದ ಬೀಜ ಅಲ್ಲಿಯೇ ಮೊಳೆತು ಹೊಸ ಬದನಿಕೆಯಾಗುತ್ತದೆ. ಕೃಷಿಕರಿಗೆ ತಲೆನೋವಾದ ಗಿಡದ ಬದುಕು ಐದು ಗ್ರಾಂ ತೂಕದ ಹಕ್ಕಿಯೊಂದರ ಈ ಶೌಚಕ್ರಮದ ಮೇಲೆ ನಿಂತಿದೆ.

ಸಿಂಪಿಗ ಮೈಗೆ ಮೀರಿದ ಗಂಟಲುಳ್ಳದ್ದು. ಅದು ಬೇಲಿಯ ತಳದಲ್ಲಿ, ಕುಂಡಗಳ ನಡುವೆ ಓಡಾಡುವುದರಿಂದ ನಿಂತು ತೆಗೆದ ಚಿತ್ರದಲ್ಲಿ ತಲೆ ಮತ್ತು ಬೆನ್ನು ಮಾತ್ರ ಬರುತ್ತವೆ. ನೆಲದ ಮೇಲೆ ಕುಳಿತು ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿದರೆ ಚಿತ್ರದ ಕಳೆಯೇ ಬೇರೆ. ಬೀಸಣಿಗೆ ಬಾಲದ ನೊಣಹಿಡುಕ ಎಷ್ಟು ಚಂಚಲವೋ ಅಷ್ಟೇ ನಿರ್ಭೀತ; ಮನುಷ್ಯರ ಸನಿಹದಲ್ಲೇ ಕುಣಿಯುತ್ತದೆ, ಆದರೆ ಒಮ್ಮೆಯೂ ಮುಖ ಕೊಡುವುದಿಲ್ಲ.

ಚಳಿಗಾಲದಲ್ಲಿ ಉತ್ತರದಿಂದ ವಲಸೆ ಬರುವ ಎಲೆ ಉಲಿಯಕ್ಕಿಗಳದು ಇನ್ನೊಂದು ಬಗೆಯ ಸವಾಲು. ಎಲ್ಲವೂ ಹಸಿರುಗಂದು, ಎಲ್ಲವೂ ಬೆರಳುದ್ದ. ರೆಕ್ಕೆಯ ಮೇಲಿನ ಒಂದು ತೆಳುಗೆರೆ, ಹುಬ್ಬಿನ ಒಂದು ಪಟ್ಟಿಯ ಮೇಲೆ ಜಾತಿಯ ನಿರ್ಣಯ ನಿಂತಿರುತ್ತದೆ. ಇಲ್ಲಿ ಚಿತ್ರ ಸುಂದರವಾಗಿರಬೇಕೆಂದಿಲ್ಲ, ಆ ಗೆರೆ ಕಂಡರೆ ಸಾಕು. ಹಿಂದೆ ಬಂದೂಕು ಮಾಡುತ್ತಿದ್ದ ಕೆಲಸವನ್ನು ಇಂತಹ ಮಸುಕು ಚಿತ್ರವೊಂದು ಹಕ್ಕಿಯ ಜೀವ ಉಳಿಸಿ ಮಾಡುತ್ತದೆ. ಈ-ಬರ್ಡ್‌ನಂತಹ ದಾಖಲೆಗಳಿಗೆ ಹವ್ಯಾಸಿಗಳು ಸೇರಿಸುವ ಸಾಧಾರಣ ಚಿತ್ರಗಳ ಬೆಲೆ ಗೋಡೆಗೆ ತೂಗುಹಾಕುವ ಚಿತ್ರಕ್ಕಿಂತ ಕಡಿಮೆಯದಲ್ಲ ಎಂಬುದು ಈ ಲೇಖಕನ ಅಭಿಪ್ರಾಯ.

ಗೂಡಿನ ಬಳಿ ಹೋಗಬೇಡಿ

ಇಷ್ಟೆಲ್ಲ ತೊಡಕುಗಳಿಗೆ ಒಂದು ಸುಲಭ ಪರಿಹಾರವಿದೆ, ಅದು ಗೂಡು. ಎಲ್ಲಿಯೂ ನಿಲ್ಲದ ಹಕ್ಕಿ ಗೂಡಿಗೆ ಬಂದೇ ಬರುತ್ತದೆ. ಹತ್ತು ನಿಮಿಷಕ್ಕೊಮ್ಮೆ, ಅದೇ ದಾರಿಯಲ್ಲಿ, ಅದೇ ಕೊಂಬೆಗೆ. ಹಿಂದಿನ ತಲೆಮಾರಿನ ಅನೇಕ ಪ್ರಸಿದ್ಧ ಚಿತ್ರಗಳು ಗೂಡಿನ ಬಳಿಯವೇ. ಆಗ ಕ್ಯಾಮೆರಾ ಹಿಡಿದವರು ಬೆರಳೆಣಿಕೆಯಷ್ಟು ಮಂದಿ. ಈಗ ಒಂದು ಗೂಡಿನ ಸುದ್ದಿ ಮೊಬೈಲಿನಲ್ಲಿ ಹರಡಿದರೆ ಮರುದಿನ ಇಪ್ಪತ್ತು ಮಸೂರಗಳು ಸಾಲುಗಟ್ಟುತ್ತವೆ.

ಹಲವು ವರ್ಷಗಳ ಹಿಂದೆ ನಮ್ಮ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ಹಗ್ಗದ ತುದಿಗೆ ಸೂರಕ್ಕಿಯೊಂದು ಜೇಡರಬಲೆ, ನಾರು, ಒಣ ತೊಗಟೆಗಳನ್ನು ಸೇರಿಸಿ ಸಂಚಿಯಂತಹ ಗೂಡು ಕಟ್ಟಿತ್ತು. ಮನೆಯಲ್ಲಿ ಎಲ್ಲರೂ ಆ ಹಗ್ಗಕ್ಕೆ ಬಟ್ಟೆ ಹಾಕುವುದನ್ನೇ ನಿಲ್ಲಿಸಿದ್ದರು. ಮರಿಗಳಾದವು. ನನಗೆ ಅಡ್ಡವಾಗುತ್ತಿದ್ದುದು ಮನಿಪ್ಲಾಂಟಿನ ನಾಲ್ಕು ಎಲೆಗಳು. ಒಂದು ಭಾನುವಾರ ಅವುಗಳನ್ನು ದಾರದಿಂದ ಎಳೆದು ಕಿಟಕಿಯ ಸರಳಿಗೆ ಕಟ್ಟಿದೆ. ಹೆಣ್ಣುಹಕ್ಕಿ ಹುಳು ಕಚ್ಚಿಕೊಂಡು ಬಂದು ಗೂಡಿನ ಬಾಯಲ್ಲಿ ಕುಳಿತ ಚಿತ್ರ ಅಂದು ಅಪರಾಹ್ನವೇ ಸಿಕ್ಕಿತು, ಕಣ್ಣಿನ ಹೊಳಪಿನ ಸಮೇತ. ದಾರ ಬಿಚ್ಚುವುದು ಮರೆತುಹೋಯಿತು. ಮರುದಿನ ಬೆಳಗ್ಗೆ ಕಾಗೆಗಳ ಗದ್ದಲಕ್ಕೆ ಎಚ್ಚರವಾಗಿ ಹೊರಗೆ ಬಂದರೆ ಗೂಡು ಹರಿದು ನೇತಾಡುತ್ತಿತ್ತು. ಮರಿಗಳಿರಲಿಲ್ಲ. ತಾಯಿಹಕ್ಕಿ ಆ ದಿನವೆಲ್ಲ ಕೊಕ್ಕಿನಲ್ಲಿ ಹುಳು ಹಿಡಿದುಕೊಂಡು ಬಂದು ಬಂದು ಹೋಗುತ್ತಿತ್ತು.

ಆ ನಾಲ್ಕು ಎಲೆಗಳು ಅಲ್ಲಿದ್ದುದು ಬಿಸಿಲಿಗೂ ಕಾಗೆಗೂ ಮರೆಯಾಗಿ ಎಂಬುದು ನನಗೆ ತಿಳಿಯದ ವಿಷಯವೇನೂ ಆಗಿರಲಿಲ್ಲ. ಎಲೆ ಕತ್ತರಿಸುವುದು, ಕೊಂಬೆ ಬಾಗಿಸುವುದು, ಗೂಡಿನತ್ತ ಪದೇ ಪದೇ ಮಿಂಚುದೀಪ ಹಾಯಿಸುವುದು, ಮೊಬೈಲಿನಲ್ಲಿ ಹಕ್ಕಿಯ ಕೂಗನ್ನು ನುಡಿಸಿ ಎದುರಾಳಿ ಬಂದನೆಂದು ಅದನ್ನು ಹೊರಗೆಳೆಯುವುದು ಇವೆಲ್ಲ ಒಂದೇ ಜಾತಿಯ ಕೆಲಸಗಳು. ನಾವು ನಿಂತಿರುವಷ್ಟು ಹೊತ್ತೂ ತಾಯಿ ಗೂಡಿಗೆ ಬರಲು ಅಂಜುತ್ತದೆ, ಒಳಗೆ ಮರಿಗಳು ಹಸಿದಿರುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ 'ಬೇಟೆ' ಎಂಬ ಮಾತಿಗೆ ಕೊಡುವ ಅರ್ಥದಲ್ಲಿ ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದಷ್ಟೇ ಅಲ್ಲ, ಮೊಟ್ಟೆಗೆ ಅಥವಾ ಗೂಡಿಗೆ ತೊಂದರೆ ಕೊಡುವುದೂ ಸೇರಿದೆ. ಕೋವಿ ಹಿಡಿದವನೂ ಕ್ಯಾಮೆರಾ ಹಿಡಿದವನೂ ಅಲ್ಲಿ ಒಂದೇ ಸಾಲಿಗೆ ಬರಬಹುದೆಂಬುದು ಬಹುಮಂದಿ ಹವ್ಯಾಸಿಗಳಿಗೆ ಗೊತ್ತಿಲ್ಲ. ಗೂಡಿನ ಚಿತ್ರಗಳನ್ನು ಸ್ವೀಕರಿಸದ ಸ್ಪರ್ಧೆಗಳೂ ಈಗ ಹಲವಿವೆ.

ಎಲ್ಲಿ, ಯಾವಾಗ

ಮುಂಬಯಿವಾಸಿಗಳಿಗೆ ಈ ಹವ್ಯಾಸಕ್ಕಾಗಿ ದೂರ ಹೋಗಬೇಕಾಗಿಲ್ಲ. ನೂರು ಚದರ ಕಿಲೋಮೀಟರಿಗೂ ಮಿಕ್ಕ ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ ನಗರದ ಮಡಿಲಲ್ಲೇ ಇದೆ. ಧಾರಾವಿಯ ಮಗ್ಗುಲಲ್ಲಿ, ಹಿಂದೊಮ್ಮೆ ಕಸ ಸುರಿಯುತ್ತಿದ್ದ ಜಾಗದಲ್ಲಿ ಬೆಳೆಸಿದ ಮಹಾರಾಷ್ಟ್ರ ನಿಸರ್ಗ ಉದ್ಯಾನದಲ್ಲಿ ಸೂರಕ್ಕಿ, ಸಿಂಪಿಗ, ಬದನಿಕೆ ಹಕ್ಕಿ ಮೂರನ್ನೂ ಒಂದೇ ಬೆಳಗಿನಲ್ಲಿ ನೋಡಬಹುದು. ಫೆಬ್ರವರಿ-ಮಾರ್ಚ್‌ನಲ್ಲಿ ಎಲೆಯುದುರಿದ ಬೂರುಗ ಮತ್ತು ಮುತ್ತುಗದ ಮರಗಳು ಹೂಬಿಟ್ಟಾಗ ಹಕ್ಕಿಗಳಿಗೆ ಅವಿತುಕೊಳ್ಳಲು ಎಲೆಗಳಿರುವುದಿಲ್ಲ. ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಕಾಲ ಇನ್ನೊಂದಿಲ್ಲ.

ಪನವೇಲಿನಾಚೆ, ಗೋವಾ ಹೆದ್ದಾರಿಯ ಇಕ್ಕೆಲಗಳಲ್ಲಿ ಹಬ್ಬಿದ ಕರ್ನಾಳಾ ಪಕ್ಷಿಧಾಮ 1968ರಲ್ಲಿ ಸ್ಥಾಪಿತವಾಯಿತು. ಊರಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ ನಮ್ಮಲ್ಲಿ ಎಷ್ಟೋ ಮಂದಿ ನಿದ್ದೆಗಣ್ಣಿನಲ್ಲಿ ಅದನ್ನು ನೂರು ಬಾರಿ ದಾಟಿದ್ದೇವೆ. ಜೂನ್ ತಿಂಗಳ ಮೊದಲ ಮಳೆಯೊಂದಿಗೆ ಅಲ್ಲಿಗೂ ಕೊಂಕಣದ ಇತರ ಕಾಡುಗಳಿಗೂ ಸಂತಾನಕ್ಕಾಗಿ ಬರುವ ಪುಟಾಣಿ ಕಾಡುಮಿಂಚುಳ್ಳಿಯ ಉದ್ದ 13 ಸೆಂಟಿಮೀಟರ್, ಕಾಲಿಗೆ ಮೂರೇ ಬೆರಳು, ಮೈತುಂಬ ಹಳದಿ, ನೇರಳೆ, ಕಡುನೀಲಿ. ತೊರೆಯ ದಂಡೆಯ ಮಣ್ಣಿನಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತದೆ. ಮರಿಗಳಿಗೆ ಏಡಿ, ಹಲ್ಲಿ, ಕಪ್ಪೆಗಳನ್ನು ತಂದುಣಿಸುತ್ತದೆ. ಮಳೆಯ ಮಂದ ಬೆಳಕಿನಲ್ಲಿ, ದಟ್ಟ ನೆರಳಿನಲ್ಲಿ, ನೀಲಿ ಗೆರೆಯೊಂದು ಕಣ್ಣೆದುರು ಹಾದು ಹೋದುದಷ್ಟೇ ತಿಳಿಯುತ್ತದೆ. ಅದರ ಚಿತ್ರಕ್ಕಾಗಿ ಪ್ರತಿ ಮಳೆಗಾಲವೂ ಜನ ಮುಗಿಬೀಳುತ್ತಾರೆ, ಹೆಚ್ಚಿನವರು ಬಿಲದ ಎದುರಿಗೇ.

ಬಿಲದಿಂದ ದೂರ, ತೊರೆಯ ಕೆಳಭಾಗದಲ್ಲಿ, ಅದು ಬೇಟೆಗೆ ಕೂರುವ ತಗ್ಗಿನ ಕೊಂಬೆಯೊಂದಿರುತ್ತದೆ. ಅಲ್ಲಿ ಕೊಡೆ ಬಿಡಿಸದೆ, ಕಂದು ಅಥವಾ ಹಸಿರು ಬಟ್ಟೆ ತೊಟ್ಟು, ಮಾತಿಲ್ಲದೆ ಕುಳಿತುಕೊಳ್ಳಬೇಕು. ಎರಡು ಮೂರು ಗಂಟೆಗಳಲ್ಲಿ ಒಮ್ಮೆ ಬಂದರೂ ಬರಬಹುದು, ಬಾರದೆಯೂ ಇರಬಹುದು. ಜಿಗಣೆಗಳಂತೂ ತಪ್ಪದೆ ಬರುತ್ತವೆ.